ಯಜಮಾನರಿಗಲ್ಲ

ಚೀಟಿ ಕೊಟ್ಟವಳು ಆಶಾ ಕಾರ್ಯಕರ್ತೆ ನಾಗವೇಣಿ.
ಅಂಗನವಾಡಿ ಗೋಡೆಯ ಮರೆಗೆ ಕರೆದು
ಮಡಚಿ ಮಡಚಿ ಕಡಲೆಬೀಜದಷ್ಟು ಮಾಡಿ
ಅಂಗೈಗೆ ಒತ್ತಿದಳು: ‘ನಿಮ್ಮೆಜಮಾನರಿಗೆ ಅಕ್ಕ.
ದುಡ್ಡಿಲ್ಲ, ಮಾತ್ರೆಯಿಲ್ಲ. ಬರೀ ಕೂತು ಮಾತಾಡೋದು.’

ನನ್ನ ಗಂಡ ಟೀ ಕೂಡ ಕುಡಿಯುವವನಲ್ಲ.
ಬಿಸಿನೀರಿಗೆ ಬೆಲ್ಲ ಹಾಕಿ
ಊದಿ ಊದಿ ಕುಡಿಯುವ ಮನುಷ್ಯ.
ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡೆ.
ಅಲ್ಲಿ ಆಗಲೇ ಒಂದು ತೊಂಬತ್ತರ ಪ್ಯಾಕೆಟ್ಟಿತ್ತು.

ಶಿಡ್ಲಘಟ್ಟದಲ್ಲಿ ನನ್ನಂಥವಳಿಗೆ ಕುಡಿಯುವುದು ಸಲೀಸು.
ಫಿಲೇಚರಿನಲ್ಲಿ ಬೆಂದ ಹುಳದ ವಾಸನೆ
ಬಾಯಿಯ ವಾಸನೆಯನ್ನು ನುಂಗುತ್ತದೆ.
ಕೈ ನಡುಗಿದರೆ, ಬಾಣಲೆ ನೀರು ಸುಟ್ಟಿತು.
ಕಣ್ಣು ಕೆಂಪಾದರೆ, ಹಬೆ.
ಒಂಬತ್ತು ವರ್ಷ ಆ ಹಬೆ
ನನ್ನ ಪರವಾಗಿ ಸುಳ್ಳು ಹೇಳಿತು.

ಆಮೇಲೆ ಒಂದು ಸೋಮವಾರ
ನನ್ನ ಬುತ್ತಿ ಚೀಲ ಮಗಳ ಕೈಗೆ ಹೋಯಿತು,
ಅವಳದು ನನ್ನ ಕೈಗೆ.
ಸಂಜೆ ಬಂದವಳು ಏನೂ ಕೇಳಲಿಲ್ಲ.
ಒಡೆಯದ ಪ್ಯಾಕೆಟ್ಟನ್ನು
ಅಕ್ಕಿ ಡಬ್ಬದ ಹಿಂದೆ, ನಾನು ಇಡುತ್ತಿದ್ದ ಜಾಗದಲ್ಲೇ,
ಇಟ್ಟು ಕಾಲು ತೊಳೆಯಲು ಹೋದಳು.
ಜಾಗ ಅವಳಿಗೆ ಗೊತ್ತಿತ್ತು.

ನಮ್ಮೂರಲ್ಲಾದರೆ ಬೀದಿಗೆಲ್ಲ ಕಣ್ಣು. ಚಿಂತಾಮಣಿಗೆ ಹೋದೆ.
ಮೊದಲ ಸಲ ಬುಧವಾರ ಹೋಗಿ ಬೀಗ ನೋಡಿದೆ,
ಸದ್ಯ ಎಂದುಕೊಂಡು ಬಸ್ಟ್ಯಾಂಡಿನ ಹಿಂದೆ ಕುಡಿದೆ.
ಎರಡನೇ ಸಲ ಮೆಟ್ಟಿಲು ಹತ್ತಿದೆ.
ಒಳಗೆ ಗಂಡಸರು ನಗುತ್ತಿದ್ದರು.
ಇಂಥಾ ಕಡೆ ನಗುತ್ತಾರೆಯೇ?
ಇಳಿದುಬಿಟ್ಟೆ.

ಮೂರನೇ ಸಲ ಬಾಗಿಲಲ್ಲಿ ಸಿಕ್ಕಿಬಿದ್ದೆ.
ಹೊಲಿಗೆ ಕಲಿಸುವ ಕೋಣೆ ಅದು;
ಮಿಷನ್ನುಗಳಿಗೆ ಬಟ್ಟೆ ಹೊದಿಸಿ ಗೋಡೆಗೆ ಸರಿಸಿದ್ದರು.
ಆಟೋದವನು, ಮೇಷ್ಟ್ರು, ಟೊಮೇಟೊ ಮಂಡಿ ಹಮಾಲಿ,
ಹೀಗೆ ಹನ್ನೆರಡು ಜನ, ಎಲ್ಲ ಗಂಡಸರೇ.
ಆಟೋದವನು ಎದ್ದು ಬಂದ:
‘ಯಜಮಾನ್ರನ್ನ ಕರ್ಕೊಂಡ್ಹೋಗೋಕೆ ಬಂದ್ರಾಮ್ಮ? ಹೆಸರೇನು ಅವ್ರದು?’

‘ಯಜಮಾನರಿಗಲ್ಲ’ ಎಂದೆ.
‘ನನಗೆ.’

ಫ್ಯಾನು ಮೂರು ಸುತ್ತು ಸುತ್ತಿರಬೇಕು.
ನಾನು ಸೆರಗು ಹೊದ್ದು ನಿಂತೇ ಇದ್ದೆ.
ಮೂಲೆಯಲ್ಲಿದ್ದ ಮುದುಕ, ಹಲ್ಲಿಲ್ಲದ ಬೈರೆಡ್ಡಿ,
ತನ್ನ ಕುರ್ಚಿಯನ್ನೇ ಕೊರಕೊರ ಎಳೆದು ತಂದ:
‘ರಾ ತಲ್ಲಿ, ಕೂಸೋ.’

ಬೆಂದ ಗೂಡಿನಲ್ಲಿ ಎಳೆಯ ತುದಿ ಹುಡುಕುವುದು ನನ್ನ ಕೆಲಸ.
ಆ ದಿನ ನನ್ನದಕ್ಕೆ ತುದಿ ಸಿಗಲಿಲ್ಲ.
ಅಕ್ಕಯ್ಯಮ್ಮ ಎಂದೆ. ಮತ್ತೆ ಅಕ್ಕಯ್ಯಮ್ಮ ಎಂದೆ.
ಅಷ್ಟಕ್ಕೇ ಎಲ್ಲರೂ ತಲೆಯಾಡಿಸಿದರು,
ಪೂರ್ತಿ ಕಥೆ ಕೇಳಿದವರ ಹಾಗೆ.
ಇನ್ನೊಂದು ಗುರುವಾರ, ಮೇಷ್ಟ್ರು
ತಾನು ಪರೀಕ್ಷೆ ಹಾಲಿನಲ್ಲಿ ನಿದ್ದೆ ಹೋದದ್ದು ಹೇಳುವಾಗ
ನಾನೂ ನಕ್ಕೆ.
ಮೆಟ್ಟಿಲ ಮೇಲೆ ಯಾರಾದರೂ ನಿಂತಿದ್ದಾರೇನೋ ಎಂದು
ಆಮೇಲೆ ಹೊಳೆದು, ಬಾಗಿಲು ತೆಗೆದು ನೋಡಿದೆ.

ಬಸ್ಸಲ್ಲಿ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್ಟು.
ಒಂದೊಂದನ್ನೂ ಸಾಸಿವೆ ಡಬ್ಬಿಯಲ್ಲಿ ಇಡುತ್ತೇನೆ.
ನಾಲ್ಕನೇ ವಾರದ್ದಿಲ್ಲ.
ಆ ವಾರ ಬಸ್ಸು ಹತ್ತಲಿಲ್ಲ, ಎಲ್ಲಿದ್ದೆ ಎಂದು ಕೇಳಬೇಡಿ.
ಬೈರೆಡ್ಡಿಯೂ ಕೇಳಲಿಲ್ಲ, ಕುರ್ಚಿ ಮಾತ್ರ ಎಳೆದ.

ಗಂಡನಿಗೆ ಹೇಳಿದ್ದು ಹೊಲಿಗೆ ಕ್ಲಾಸು ಎಂದು.
ಮೊನ್ನೆ ಜೇಬು ಹರಿದ ಅಂಗಿ ತಂದು ಮಡಿಲಿಗೆ ಹಾಕಿದ.
ರಾತ್ರಿಯೆಲ್ಲ ಕೂತೆ. ಸೂಜಿ ಹಿಡಿದ ಕೈ ನಡುಗಲಿಲ್ಲ,
ಆದರೂ ಜೇಬು ಸೊಟ್ಟಗೇ ಬಂತು.
ತಿರುಗಿಸಿ ತಿರುಗಿಸಿ ನೋಡಿದ:
‘ಹನ್ನೊಂದು ವಾರಕ್ಕೆ ಇಷ್ಟೇನಾ?’
ಎಂದು ಅದನ್ನೇ ತೊಟ್ಟುಕೊಂಡು ಮಾರ್ಕೆಟ್ಟಿಗೆ ಹೋದ.

ಇವತ್ತು ಗುರುವಾರ.
ನಾನು ಒಲೆ ಮುಂದೆ ಸುಮ್ಮನೆ ಕೂತಿದ್ದೆ,
ಹೋಗಲೋ ಬೇಡವೋ ಎಂದು.
ಸೊಟ್ಟ ಜೇಬಿನ ಅಂಗಿ ಬಾಗಿಲಿಗೆ ಬಂದು ನಿಂತಿತು:
‘ಐದಾಯ್ತು. ಬಸ್ಸು ತಪ್ಪುತ್ತೆ, ಏಳು.’