ಮೊಂಡು ಸೂಜಿ

ಜೀನ್ಸಿನ ಯೂನಿಟ್ಟಿನಲ್ಲಿ ಹದಿನಾಲ್ಕು ವರ್ಷ
ಹಿಂಜೇಬು ಕೂರಿಸಿದವನು ನಾನು, ಗಾದಿಲಿಂಗ.
ದಿನಕ್ಕೆ ಮುನ್ನೂರು ಜೇಬು, ಒಂದರಲ್ಲೂ ನನ್ನ ಕೈಯಿಲ್ಲ.
ಏಪ್ರಿಲ್ಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು.
ಬಂದದ್ದು ನನಗೆ ಗೊತ್ತಾಗುವ ಮೊದಲೇ
ಸೂಜಿಗೆ ಗೊತ್ತಾಯಿತು.
ಎಡಗೈ ತೋರುಬೆರಳು, ಉಗುರಿನ ನಟ್ಟನಡುವೆ,
ಕಿತ್ತಳೆ ದಾರದ ಸಮೇತ.

ಕೌಲ್ ಬಜಾರಿನ ನಮ್ಮ ಗಲ್ಲಿಯ ತುದಿಗೆ
ರಿಟೈರಾದ ನರ್ಸು ಗ್ರೇಸಮ್ಮನ ಮನೆ.
ದಾರ ಎಳೆದರು, ಅಯೋಡಿನ್ ಹಚ್ಚಿದರು,
"ಹದಿನೈದು ದಿನ ಮಿಶನ್ ಮುಟ್ಟಬ್ಯಾಡ" ಅಂದರು.
ಅವರ ಕಟ್ಟೆಯ ಮೇಲೆ ಕೂತರೂ ನನ್ನ ಕಾಲು
ಇಲ್ಲದ ಪೆಡಲನ್ನು ತುಳಿಯುತ್ತಿತ್ತು.

ಅದನ್ನು ನೋಡಿಯೇ ಇರಬೇಕು,
ಟ್ರಂಕಿನಿಂದ ಒಂದು ಬಿಳಿ ಟವಲು ತಂದರು,
ಕೆಂಪು ದಾರದ ಉಂಡೆ, ಒಂದು ಸೂಜಿ.
ತುದಿ ಮೊಂಡು.
ನೆಟ್ಟಗಿರುವ ಬೆರಳಿಗೆ ಒತ್ತಿ ನೋಡಿದೆ. ಚುಚ್ಚಲಿಲ್ಲ.
ನಕ್ಕುಬಿಟ್ಟೆ: ಹಲ್ಲು ಬಿದ್ದ ಮುದುಕಿ ಇದು, ಸಿಸ್ಟರ್!

ಸ್ವೀಡನ್ ನೇಯ್ಗೆ ಅಂತಾರಂತೆ ಇದಕ್ಕೆ.
ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ವಾರ್ಡನ್ ಕಲಿಸಿದ್ದು.
"ಅಲ್ಲಿ ಚಳಿಗಾಲದಾಗ ಮಧ್ಯಾಹ್ನಕ್ಕೇ ಕತ್ತಲಾಗತೈತಂತೆ,
ಒಲೆ ಮುಂದ ಕುಂತು ಮಾಡತಾರಂತೆ."
ಇಲ್ಲಿ ಸಂಜೆ ಏಳಾದರೂ ಕಟ್ಟೆಕಲ್ಲು
ಕೂತ ಜಾಗ ಸುಡುತ್ತಿತ್ತು.

ಬಟ್ಟೆಯನ್ನು ಬೆಳಕಿಗೆ ಓರೆ ಹಿಡಿದರೆ ಕಾಣುತ್ತವೆ
ಜೋಡಿ ಜೋಡಿ ಎಳೆಗಳು, ಮೈಗಂಟದೆ ಮೇಲೆದ್ದವು,
ಹಗರಿಯ ಸೇತುವೆಯ ಹಾಗೆ:
ಕೆಳಗೆ ನೀರಿಲ್ಲ, ದಾಟಲು ಜಾಗ ಮಾತ್ರ.
ಸೂಜಿ ನುಸುಳಬೇಕಾದ್ದು ಅದರಡಿ.
ಬಟ್ಟೆಯ ಆಚೆಗೆ ಇಣುಕಿದರೂ ತಪ್ಪು.

ನಾನು ಅಂಚಿನಿಂದ ಶುರು ಮಾಡಿದೆ,
ಮುಂಗೈ ಮೇಲೆ ಏಟು ಬಿತ್ತು. "ನಡುವಿನಿಂದ."
ಮಡಚಿ ನಡು ಹಿಡಿ.
ದಾರ ಬಟ್ಟೆಯ ಅಗಲದ ಎರಡರಷ್ಟು, ಮೇಲೊಂದು ಗೇಣು.
ಅರ್ಧ ನೇತಾಡಲಿ ಬಿಡು, ಅದರ ಪಾಳಿ ಆಮೇಲೆ.
ಈ ಬದಿ ಮುಗಿದರೆ ಟವಲನ್ನು ತಲೆಕೆಳಗು ಮಾಡು,
ಆ ಬದಿಯೂ ಈ ಬದಿಯಾಗುತ್ತದೆ.
ಗಂಟು?
"ನಂಬಿಕೆ ಇಲ್ಲದೋರು ಹಾಕತಾರೆ ಗಂಟು."

ನಾಲ್ಕನೇ ಸಾಲಿಗೆ ಬಂದಾಗ ಗೊತ್ತಾಯಿತು
ಮೊದಲ ಸಾಲಿನಲ್ಲೇ ಒಂದೆಳೆ ಬಿಟ್ಟಿದ್ದೇನೆ.
ಗುಡ್ಡ ಎಬ್ಬಿಸಹೊರಟಲ್ಲಿ ಒಂದು ಗೂನು.
ಯೂನಿಟ್ಟಿನಲ್ಲಿ ಬಿಚ್ಚುವುದೆಂದರೆ ಬ್ಲೇಡು;
ಬಿಚ್ಚಿದ ಮೇಲೂ ತೂತಿನ ಸಾಲು ಉಳಿಯುತ್ತದೆ,
ಹೊಲಿಗೆ ಕಚ್ಚಿಕೊಂಡಿದ್ದಲ್ಲಿ ಮಾಸದ ನೀಲಿ.
ಎಷ್ಟು ವಾಶ್ ಕೊಡು, ಪ್ಯಾಂಟು ಮರೆಯುವುದಿಲ್ಲ.
ಇಲ್ಲಿ ಗ್ರೇಸಮ್ಮ ತುದಿ ಹಿಡಿದು ಎಳೆದರು,
ಒಂದಾದ ಮೇಲೊಂದು, ನಾಲ್ಕೂ ಬಂದವು.
ಬಟ್ಟೆ ಏನೂ ಆಗದವರ ಹಾಗೆ ಮಲಗಿತ್ತು.
ನನಗೆ ಸಿಟ್ಟು. ಎರಡು ದಿನದ ಕೆಲಸ!
"ದಾರ ಉಳೀತಲ್ಲ" ಅಂದರು.

ಒಂದು ಸಂಜೆ ಮೇಸ್ತ್ರಿ ಪಂಪಾಪತಿ ಬಂದ.
ಟವಲು ನೋಡಿ ಕೇಳಿದ್ದು ಒಂದೇ, "ಪೀಸಿಗೆಷ್ಟು?"
ಒಂಬತ್ತು ದಿನ, ಹನ್ನೊಂದು ಸಾಲು,
ಒಂದು ಕೈ ಒರೆಸುವ ಬಟ್ಟೆ.
ಬಾಯಿಬಿಟ್ಟು ಹೇಳಲಿಲ್ಲ. ಅವನೂ ಎದ್ದುಹೋಗಲಿಲ್ಲ;
ಕತ್ತಲಾಗುವವರೆಗೆ ಪಕ್ಕದಲ್ಲಿ ಕೂತು
ನನಗಾಗಿ ಎಳೆ ಎಣಿಸಿದ:
ಎರಡು ಮೇಲಕ್ಕೆ, ಒಂದು ಪಕ್ಕಕ್ಕೆ, ತಡಿ ತಡಿ, ಇದಲ್ಲ, ಆಚೇದು.

ನಾಳೆ ಸೋಮವಾರ.
ಬಿದ್ದ ಉಗುರಿನ ಬುಡದಲ್ಲಿ ಹೊಸದು
ಅಕ್ಕಿಕಾಳಿನಷ್ಟು ಬಂದಿದೆ. ಮತ್ತೆ ಆ ಚೂಪಿನೆದುರು.
ಟವಲು ತಿರುವಿ ನೋಡಿದೆ. ಹಿಂದೆ ಬರೀ ಬಿಳುಪು,
ಯಾರೂ ಬಂದುಹೋಗದ ಅಂಗಳ.
ಮುಂದೆ ಮಾತ್ರ ಕೆಂಪು ಗುಡ್ಡದ ಸಾಲು,
ಒಂದು ಗುಡ್ಡ ಸ್ವಲ್ಪ ಕುಳ್ಳ.

ಗ್ರೇಸಮ್ಮನಿಗೇ ಕೊಟ್ಟೆ.
ಮೀನು ತೊಳೆಯುತ್ತಿದ್ದವರು ಬಂದು
ಅದರಲ್ಲೇ ಒದ್ದೆಗೈ ಒರೆಸಿಕೊಂಡರು.
"ಚೆಂದ ಹೀರತೈತೆ" ಅಂದರು.