ಮೈಯೆಲ್ಲ ಕಿವಿ

ಹೆಬ್ಬಾಳದ ಪ್ರಯೋಗಾಲಯ, ಬೆಳಿಗ್ಗೆ ಏಳೂವರೆ.
ಫ್ಲೈಓವರಿನ ಗದ್ದಲ ಕಿಟಕಿಗಾಜಿಗೆ ಬಡಿದು ಜಾರುತ್ತಿದೆ.
ಹೆಸರಘಟ್ಟದ ಹೋರಿಯದು, ನಂಬರು ನಾನೂರ ಹನ್ನೆರಡು;
ನೈಟ್ರೋಜನ್ ಹೊಗೆಯೊಳಗಿಂದ ಕಡ್ಡಿಯೆತ್ತಿ
ಖಮರುನ್ನೀಸಾ ಬೆಚ್ಚನೆ ನೀರಿಗಿಳಿಸುತ್ತಾಳೆ,
ಮೂವತ್ತು ಎಣಿಸುತ್ತಾಳೆ, ಉರ್ದುವಿನಲ್ಲಿ.

ಮಸೂರದಡಿ ಈಜುತ್ತಿದ್ದವು, ಭಾನುವಾರದ ಸೋಮಾರಿಗಳ ಹಾಗೆ.
ಒಂದು ಹನಿ ಸಿರೋಟೋನಿನ್ ಬಿಟ್ಟೆ.
ಬಾಲಗಳು ಚಾಟಿಯಾದವು.

ಮಿದುಳಿಲ್ಲ, ನರವಿಲ್ಲ, ನೆನಪಂತೂ ಇಲ್ಲವೇ ಇಲ್ಲ.
ಆದರೂ ನರದ ತುದಿಯ ಪಿಸುಮಾತಿಗೆ
ತೆರೆದ ಅದೇ ಕಿವಿ, ಮೈಯೆಲ್ಲ.
ಅಂಡದ ಬಾಗಿಲಲ್ಲಿ
ಇನ್ನೊಂದೇ ಮಾತಿಗೆ
ತಲೆಯ ಟೋಪಿ ಕಳಚಿ ಒಳಗೆ ಹೊರಡುತ್ತವಂತೆ.

ನನ್ನ ಬ್ಯಾಗಿನಲ್ಲಿ ಬಿಳಿ ಮಾತ್ರೆ,
ರಾತ್ರಿ ಊಟವಾದ ಮೇಲೆ ಒಂದು,
ಎಂಟು ತಿಂಗಳಿಂದ.
ಇದೇ ಪದಾರ್ಥ ತಲೆಯೊಳಗೆ ತುಸು ಹೆಚ್ಚು ಹೊತ್ತು ನಿಲ್ಲಲೆಂದು.
ಡಾಕ್ಟರು ಕೇಳುತ್ತಾರೆ: ಹಾಸಿಗೆಯಿಂದ ಏಳುವುದು ಸುಲಭವಾಯಿತೇ?

ಖಮರ್, ಬಾ ನೋಡು ಅಂದೆ.
ಒಂದು ಕಣ್ಣು ಮುಚ್ಚಿ ನೋಡಿದಳು, ನಕ್ಕಳು:
"ಯಾರೋ ಹೆಸರು ಹಿಡಿದು ಕೂಗಿದ ಹಾಗಿದೆ ಮೇಡಂ."

ಹನ್ನೊಂದು ನಿಮಿಷ. ಆಮೇಲೆ ಒಂದೊಂದೇ ನಿಂತವು.
ಎಣಿಕೆ ಬರೆದುಕೊಂಡೆ.
ಗಾಜು ತೊಳೆಯಲು ಹೋದರೆ
ನಲ್ಲಿಗೆ ಇನ್ನೂ ಕಾವೇರಿ ಬಂದಿರಲಿಲ್ಲ.