ಒಂಬತ್ತು ಜವಾರಿ ತತ್ತಿ

ಅಣ್ಣಿಗೇರಿ ದಾಟಿ ನಾಲ್ಕು ಕಿಲೋಮೀಟರಿಗೆ
ಹಿಂದಿನ ಗಾಲಿಯ ಎರಡು ಕಡ್ಡಿ ಒಟ್ಟಿಗೇ ಮುರಿದವು.
ಅದಕ್ಕೂ ಮುಂಚೆ, ಅಡ್ಡದಾರಿಯೆಂದು ನಂಬಿ
ಎರೆಹೊಲಕ್ಕೆ ಇಳಿದ ಮಹಾಪಂಡಿತೆ ನಾನೇ.
ಮಳೆ ನಿಂತು ಒಂದು ಗಳಿಗೆಯಾಗಿತ್ತು,
ಎರೆಮಣ್ಣು ಮಡ್‌ಗಾರ್ಡಿನೊಳಗೆ ಹೊಕ್ಕು
ಗಾಲಿಯನ್ನು ಕಚ್ಚಿ ಹಿಡಿದಿತ್ತು.
ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಕೂತರೂ
ಅಂಥ ಹಿಡಿತ ಕಂಡವಳಲ್ಲ.

ಕುಂದಾಪುರದಿಂದ ಬೀದರಿಗೆ. ವಯಸ್ಸು ಐವತ್ತೊಂದು.
ಜೊತೆಗೊಂದು ನೋಟ್‌ಬುಕ್ಕು: ಎಡಕ್ಕೆ ಕಿಲೋಮೀಟರು, ಬಲಕ್ಕೆ ಖರ್ಚು.
ಕ್ಯಾಶಿಯರಿನ ಚಟ, ಸಂಜೆಗೆ ತಾಳೆ ಬೀಳಲೇಬೇಕು.

"ಬಾಯಾರ, ಸೈಕಲ್ ಹೊತಗೊಂಡ ಹೊಂಟೀರೇನ?
ಅದು ನಿಮ್ಮನ್ನ ಹೊರಬೇಕಲಾ?"
ಹುಬ್ಬಿಗೂ ಮೀಸೆಗೂ ಅರಳೆ ಅಂಟಿಸಿಕೊಂಡು ನಕ್ಕವನು
ಗಾದಿ ಮಾಡುವ ಮೌಲಾಸಾಬ ನದಾಫ.
ಹ್ಯಾಂಡಲ್ ಕಸಿದುಕೊಂಡ. ಹೌದು, ಕಸಿದೇ.
ಕುರ್ಚಿಗೆಯಿಂದ ಮಣ್ಣು ಕೆತ್ತಿದ, ಮುರಿದ ಕಡ್ಡಿಗಳನ್ನು
ಪಕ್ಕದವಕ್ಕೆ ಸುತ್ತಿ ಗಾದಿ ಹೊಲಿಯುವ ದಾರದಲ್ಲಿ ಬಿಗಿದ.
"ಗದಗಿನ ತನಕ ಬರತೈತಿ.
ಮುಂದಿಂದು ಗದಗಿನವರು ನೋಡಕೋತಾರ."

ಒಳಗಿಂದ ದಾವಲಬಿ ರೊಟ್ಟಿ ತಂದಳು,
ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ.
ಪರ್ಸು ತೆಗೆದೆ. ಅವಳು ಅದನ್ನು ನೋಡಿದ ರೀತಿಗೆ
ಪರ್ಸು ತಾನಾಗಿಯೇ ಮುಚ್ಚಿಕೊಂಡಿತು.
"ರೊಕ್ಕ ಬ್ಯಾಡ. ಒಂದ ಕೆಲಸ ಮಾಡ್ರಿ.
ನರೇಗಲ್ ಮ್ಯಾಲೆ ಹೊಂಟೀರಲ್ಲ?
ಮಗಳು ಎರಡನೇದ್ದು ಹಡದ ಹನ್ನೊಂದ ದಿನ.
ಜವಾರಿ ತತ್ತಿ ಅದಾವ, ಮುಟ್ಟಸ್ರಿ."

ತತ್ತಿ. ಸೈಕಲ್ಲಿನ ಮೇಲೆ. ಐವತ್ತು ಕಿಲೋಮೀಟರು.
ಬೇಡವೆನ್ನಲು ಬಾಯಿ ತೆರೆದೆ,
ಬಾಯಲ್ಲಿ ಅವಳದೇ ರೊಟ್ಟಿ.

ಹಾಲಿನಪುಡಿಯ ಹಳೆ ಡಬ್ಬಿ. ತಳಕ್ಕೆ ಅರಳೆ,
ಮೂರು ತತ್ತಿ, ಅರಳೆ, ಮೂರು, ಅರಳೆ, ಮೂರು, ಮತ್ತೆ ಅರಳೆ.
ಮದುವೆ ಗಾದಿಗೂ ಇಷ್ಟು ಹದವಾಗಿ ತುಂಬಿದವಳಲ್ಲವೆಂದು
ಗಂಡ ಗೊಣಗಿದ.
ಕ್ಯಾಶಿಯರು ಎಣಿಸಿಕೊಂಡಳು: ಒಂಬತ್ತು.

ಆಮೇಲಿನ ದಾರಿಯೇ ಬೇರೆ.
ಪಡುವಣ ಗಾಳಿ ಬೆನ್ನಿಗೆ ಕೈಹಚ್ಚಿ ನೂಕುತ್ತಿತ್ತು,
ನಾನು ಬ್ರೇಕ್ ಹಿಡಿದೇ ಇದ್ದೆ.
ಹುಲಕೋಟಿಯಲ್ಲಿ ಶಾಲೆ ಬಿಟ್ಟ ಹುಡುಗನೊಬ್ಬ
ಪಕ್ಕಕ್ಕೆ ಬಂದು ರೇಸಿಗೆ ಕರೆದ.
"ಮೊಟ್ಟೆ ಉಂಟು ಮಾರಾಯ" ಎಂದೆ.
ಅರ್ಥವಾಗಲು ಅವನಿಗೆ ಹತ್ತು ಪೆಡಲು ಬೇಕಾಯಿತು.
ಮತ್ತೆ ಮಾತಿಲ್ಲದೆ ಮುಂದೆ ಮುಂದೆ ಸಾಗಿ
ತಗ್ಗು ಬಂದಾಗೆಲ್ಲ ಎಡಗೈ ಎತ್ತಿ ತೋರಿಸುತ್ತ
ಊರ ಕೊನೆಯವರೆಗೆ ಬಂದ.
ಗದಗಿನಲ್ಲಿ ಕಡ್ಡಿ ಹಾಕಿದ ಮುದುಕ
ಡಬ್ಬಿಯನ್ನು ತನ್ನ ಕುರ್ಚಿಯ ಮೇಲಿಟ್ಟು ತಾನು ನೆಲಕ್ಕೆ ಕೂತ.
ರೊಕ್ಕ ಮಾತ್ರ ಪೂರ್ತಿ ತಗೊಂಡ. ಅದೂ ಒಂದು ಸಮಾಧಾನ,
ಬಲಗಡೆ ಏನಾದರೂ ಬರೆಯಬೇಕಲ್ಲ.

ಕೋಟುಮಚಗಿಯ ಹತ್ತಿರ, ಯಾರೂ ಬಣ್ಣ ಬಳಿಯದ
ರೋಡ್ ಹಂಪಿನ ಮೇಲೆ, ಕೇಳಿಸಿತು.
ಸದ್ದಲ್ಲ, ಸದ್ದಿನ ಮರಿ.
ಇಳಿದು ನೋಡುವ ಧೈರ್ಯವಾಗಲಿಲ್ಲ.

ನರೇಗಲ್ಲಿನ ಬಾಗಿಲಲ್ಲಿ ಜೈತುನಬಿ, ಕಿವಿಗೆ ಬಿಗಿದ ಬಟ್ಟೆ,
ತೋಳಲ್ಲಿ ಇನ್ನೂ ಹೆಸರಿಡದ ಕೂಸು.
ಡಬ್ಬಿ ಕೊಡುವ ಮೊದಲೇ ತಪ್ಪೊಪ್ಪಿಗೆ ಶುರುಮಾಡಿದೆ:
ಹಂಪು, ಬಣ್ಣ ಇರಲಿಲ್ಲ, ಒಂದು ಒಡೆದಿರಬೇಕು, ಎಷ್ಟಾದರೂ ಸರಿ...
ಅವಳು ಅರಳೆ ಬಿಡಿಸಿದಳು. ಹಳದಿಯಾದದ್ದನ್ನು ಬದಿಗಿಟ್ಟು
ಒಂದೊಂದಾಗಿ ನೆಲುವಿನ ಬುಟ್ಟಿಗೆ ಇಳಿಸಿದಳು. ಎಂಟು.
"ಬರೋಬ್ಬರಿ ಅದಾವಲ್ರಿ.
ಅವ್ವ ಫೋನಿನ್ಯಾಗ ಎಂಟ ಅಂತನ ಹೇಳ್ಯಾಳ."

ಬರಿ ಡಬ್ಬಿ ಕೊಡಬಾರದೆಂದು ಹಿಡಿ ಬೆಲ್ಲ ಹಾಕಿ
"ಹೊಳ್ಳಿ ಹೋಗುವಾಗ ಅವ್ವಗ ಕೊಡ್ರಿ" ಎಂದಳು.
ಹೊರಳುವವಳಲ್ಲ ನಾನು, ನನ್ನದು ಬೀದರ್,
ಎಂದು ಅಲ್ಲಿಯೇ ಹೇಳಬೇಕಿತ್ತು.

ಮರುದಿನ ಬೆಳಿಗ್ಗೆ ನರೇಗಲ್ಲಿನ ಬಸ್‌ಸ್ಟ್ಯಾಂಡಿನೆದುರು
ಬಹಳ ಹೊತ್ತು ನಿಂತಿದ್ದೆ. ಅತ್ತ ಗಜೇಂದ್ರಗಡ, ಇತ್ತ ಗದಗ.
ಗಾಳಿ ಗದಗಿನ ಕಡೆಯಿಂದಲೇ ಬೀಸುತ್ತಿತ್ತು.
ಆ ದಿನ ನೋಟ್‌ಬುಕ್ಕಿನ ಎಡಗಡೆ:
ಹಿಂದಕ್ಕೆ, ಐವತ್ತೆರಡು.